ಬೋಣಿ

ಪೋರ್ಟೊದ ಸೇತುವೆಯ ಬಳಿ ಅನ್ಸೆಲ್ಮೊ
ಬೆಳಗಿನಿಂದ ಬೆಳ್ಳಿಯ ಪ್ರತಿಮೆ.
ಮೀನಂಗಡಿಗೆ ಹೋಗುವಾಗ
ಬೋಣಿ ನನ್ನದೇ:
ಖಾಲಿ ಟೋಪಿಗೆ ಒಂದು ಯೂರೊ,
ಮನೆಯ ಡಬ್ಬಿಯದು.
ಸಂಜೆ ಅದೇ ನಾಣ್ಯ ಬ್ರೆಡ್ಡಾಗುತ್ತದೆ,
ಕೆಲವು ಸಂಜೆ ಅದೊಂದೇ.

ನನ್ನನ್ನು ಕಂಡರೂ ರೆಪ್ಪೆ ಅಲುಗಿಸುವಂತಿಲ್ಲ.
ಮೊದಮೊದಲು ಅತ್ತಿದ್ದೆ.
ಈಗ ಬೇಕೆಂದೇ
ಮೂಗಿನ ಮುಂದೆ ಸಾರ್ಡೀನ್ ಆಡಿಸುತ್ತೇನೆ.

ಬಾಡಿಗೆ ಕೇಳಲು ಜುಲ್ಮೀರಾ ಬಂದಾಗಲೂ
ಹಾಗೇ ನಿಂತುಬಿಟ್ಟ, ಬಾಗಿಲಲ್ಲಿ, ಉಸಿರೂ ಆಡದೆ.
ಮುದುಕಿ ಒಂದು ಸುತ್ತು ಬಂದು
ಇಪ್ಪತ್ತು ಸೆಂಟು ಅವನ ಕಾಲ ಬಳಿ ಇಟ್ಟು
‘ಸೋಮವಾರ’ ಎಂದು ಹೋದಳು.

ಎಷ್ಟು ಉಜ್ಜಿದರೂ ಅವನ ಕಿವಿಯ ಹಿಂದೆ ಬೆಳ್ಳಿ,
ನನ್ನ ಉಗುರಲ್ಲಿ ಹುರುಪೆ.
ಮಲಗಿದರೆ ಮಾತ್ರ ಸುಮ್ಮನಿರಲಾರ:
ಹೊರಳುತ್ತಾನೆ, ಒದೆಯುತ್ತಾನೆ,
ದಿನವಿಡೀ ಕೂಡಿಟ್ಟ ಅಲುಗಾಟವನ್ನೆಲ್ಲ
ನನ್ನ ಮೇಲೇ ಖರ್ಚುಮಾಡುತ್ತಾನೆ.