ಬೇಸಾಯದ ಕಪಾಟು

ರಜೆ ಚೀಟಿಯಲ್ಲಿ ಜ್ವರ ಅಂತ ಬರೆಸಿದ್ದೇನೆ.
ಡಿಪೋದಲ್ಲಿ ಬೇರೆ ಪದಕ್ಕೆ ಕಾಲಂ ಇಲ್ಲ.
ಹಾಸನ–ಅರಕಲಗೂಡು, ದಿನಕ್ಕೆ ಆರು ಸಿಂಗಲ್,
ಹನ್ನೊಂದು ವರ್ಷ ಕೂಗಿದ ರೈಟ್ ರೈಟ್
ಒಂದು ಬೆಳಿಗ್ಗೆ ಗಂಟಲು ದಾಟಲಿಲ್ಲ.
ಬಸ್ಸು ನಿಂತೇ ಇತ್ತು. ಜನ ನನ್ನ ಮುಖ ನೋಡಿದರು.

ಹದಿನಾಲ್ಕನೇ ನಂಬರ್ ರೂಮಿನ ಡಾಕ್ಟರು
ಮಾತ್ರೆ ಬರೆದು, ಏನಾದರೂ ಓದಿ ಅಂದರು,
ಮನಸ್ಸಿಗೆ ಹತ್ತಿರವಾದದ್ದು.
ಹತ್ತಿರ ಅಂದರೆ ಎಷ್ಟು ಸ್ಟೇಜು, ನಾನು ಕೇಳಲಿಲ್ಲ.

ಭಾವಮೈದ ಲೋಹಿತಾಶ್ವ ತಂದ ಪುಸ್ತಕದ ಮೇಲೆ
ಬೆಟ್ಟದ ತುದಿಯಲ್ಲಿ ಕೈಯೆತ್ತಿ ನಿಂತವನ ಚಿತ್ರ.
ಅವನ ಹಾಗೆ ಐದಕ್ಕೆ ಏಳಬೇಕಂತೆ.
ಎಚ್ಚರ ನನಗೆ ಮೂರಕ್ಕೇ ಆಗುತ್ತದೆ, ಸ್ವಾಮಿ;
ಏಳುವುದು ಬೇರೆ.

ಜಿಲ್ಲಾ ಗ್ರಂಥಾಲಯದ ಒಳಗೆ ಹೋದದ್ದು ಮೂರನೇ ಸಲಕ್ಕೆ.
ಮೊದಲೆರಡು ಸಲ ಮೆಟ್ಟಿಲ ತನಕ.
ಕಾದಂಬರಿಗಳಲ್ಲಿ ದುಃಖಕ್ಕೆಲ್ಲ ಕಾರಣವಿತ್ತು:
ಯಾರೋ ಸತ್ತಿದ್ದರು, ಯಾರೋ ಬಿಟ್ಟುಹೋಗಿದ್ದರು,
ಮಳೆ ಬೇರೆ ಸರಿಯಾದ ಪುಟಕ್ಕೇ ಸುರಿಯುತ್ತಿತ್ತು.
ನನಗೆ ಬೇಕಾದವನು
ನಾಲ್ಕು ದಿನ ಹಲ್ಲುಜ್ಜದೆ,
ಟವೆಲ್ ಎಲ್ಲಿದೆ ಅಂತ ಗೊತ್ತಿದ್ದೂ ಗೋಡೆ ನೋಡುತ್ತ ಕೂತವನು.
ಅವನ ಮನೆಯಲ್ಲಿ ಏನೂ ಆಗಿರಬಾರದು.
ಹೆಂಡತಿ ಒಳ್ಳೆಯವಳಿರಬೇಕು. ಸಂಬಳ ಬರುತ್ತಿರಬೇಕು.
ಅಂಥವನಿಗೆ ಯಾರೂ ಮುನ್ನೂರು ಪುಟ ಖರ್ಚು ಮಾಡಿರಲಿಲ್ಲ.

ಏನ್ ಹುಡುಕ್ತಿದೀರಿ, ಕೇಳಿದರು ಫಿಲೋಮಿನಾ ಮೇಡಂ.
ಮಾತ್ರೆಗೆ ಬಾಯಿ ಒಣಗಿತ್ತು. ಸುಮ್ಮನೆ ಕೈ ತೋರಿಸಿದೆ.
ಅದು ಬೇಸಾಯದ ಕಪಾಟು.

ತೆಳ್ಳಗಿನ ಪುಸ್ತಕ, ಬೆನ್ನು ಹರಿದದ್ದು,
ಆಲೂಗೆಡ್ಡೆ ಬಿತ್ತನೆ, ದಾಸ್ತಾನಿನ ಬಗ್ಗೆ.
ಕೊನೆಯ ಮೊಹರು ಒಂಬತ್ತು ವರ್ಷ ಹಿಂದಿನದು.
ಅವರು ನೋಡುತ್ತಿದ್ದರಲ್ಲ, ಅದಕ್ಕೆ ತೆರೆದೆ.
ಇಪ್ಪತ್ತೆರಡನೇ ಪುಟ:
ಕಿತ್ತ ಹೊಸ ಗೆಡ್ಡೆ ಕೆಲವು ವಾರ ಮೊಳೆಯುವುದಿಲ್ಲ,
ಮಣ್ಣು ಕೊಟ್ಟರೂ, ನೀರು ಕೊಟ್ಟರೂ.
ಈ ಸ್ಥಿತಿಗೆ ಸುಪ್ತಾವಸ್ಥೆ ಎನ್ನುವರು.
ಸತ್ತಿತೆಂದು ಎಸೆಯಬಾರದು. ಆತುರಪಟ್ಟು ಹೂಳಿದರೆ ಕೊಳೆಯುವುದು.
ಮಬ್ಬು ಬೆಳಕಿನಲ್ಲಿ, ಗಾಳಿಯಾಡುವಂತೆ,
ಒಂದರ ಮೇಲೊಂದು ಹೇರದೆ ಹರಡಿ ಇಡತಕ್ಕದ್ದು.

ಇಡತಕ್ಕದ್ದು. ಅಪ್ಪಟ ಸರ್ಕಾರಿ ಕನ್ನಡ.
ಆದರೂ ನನ್ನ ಬಗ್ಗೆ ಇಷ್ಟು ಮೆತ್ತಗೆ
ಈ ನಡುವೆ ಯಾರೂ ಮಾತಾಡಿರಲಿಲ್ಲ.
ಮಧ್ಯಾಹ್ನದ ಬೀಗ ಬೀಳುವ ತನಕ ಅದೇ ಪುಟ.
ಕಾರ್ಡಿರಲಿಲ್ಲ; ಮೇಡಂ ತಮ್ಮ ಹೆಸರಲ್ಲಿ ಬರೆದುಕೊಟ್ಟು
ಎಷ್ಟು ಎಕರೆ ಹಾಕ್ತೀರಿ ಅಂದರು.
ನೋಡ್ಬೇಕು ಅಂದೆ.

ಬರುತ್ತ ಸಂತೇಪೇಟೆಯಲ್ಲಿ ಮೂರು ಗೆಡ್ಡೆ ಕೊಂಡೆ.
ಮೂರೇನಾ ಕಂಡಕ್ಟ್ರೇ, ತೂಗುವವ ನಕ್ಕ.
ಕಿಟಕಿ ಪಕ್ಕ ಪೇಪರ್ ಹಾಸಿ
ಒಂದಕ್ಕೊಂದು ತಾಗದ ಹಾಗೆ ಇಟ್ಟೆ.
ನಾಲ್ಕನೇ ದಿನ ಜಯಶೀಲ ಅವನ್ನು
ಹುರುಳಿಕಾಯಿ ಜೊತೆ ಸಾರಿಗೆ ಹಾಕಿದ್ದಳು.
ನಗು ಬಂತೋ, ಕೆಮ್ಮೋ, ಗೊತ್ತಾಗಲಿಲ್ಲ.
ಅರ್ಧ ಮುದ್ದೆ ಒಳಗೆ ಹೋಯಿತು.

ಪುಸ್ತಕ ನಾಳೆ ವಾಪಸು.
ಇನ್ನೊಂದು ಹದಿನೈದು ದಿನ ಮುಂದಕ್ಕೆ ಹಾಕ್ಕೊಡಿ ಮೇಡಂ,
ಅಷ್ಟು ಕೇಳಬೇಕು.
ಸಂಜೆಯಿಂದ ಆ ಸಾಲನ್ನು
ಗಂಟಲಲ್ಲಿ ಹರಡಿ ಇಟ್ಟುಕೊಂಡಿದ್ದೇನೆ.