ರಸೀದಿ

ಹತ್ತೊಂಬತ್ತು ಅಂಗಿ. ಒಂದೊಂದಕ್ಕೂ ಐದು ಸೈಜು.
ಕಂದು ಹಾಳೆಯ ಮೇಲೆ ಭುಜ, ಕಂಕುಳು, ಕೊರಳು ಬರೆದು
ಕತ್ತರಿಸಿ, ಸುರುಳಿ ಸುತ್ತಿ
ಬೊಮ್ಮನಹಳ್ಳಿಯ ಫ್ಯಾಕ್ಟರಿಗೆ ಆಟೋದಲ್ಲಿ ಕಳಿಸಿದೆ.
ಎಂಬತ್ತಾರು ಸಾವಿರದ ಐನೂರು.
"ನಮ್ಮ ನಿಮ್ಮ ನಡುವೆ ಕಾಗದ ಯಾಕೆ ಮಾಸ್ಟರ್"
ಅಂದಿದ್ದರು ಹರಿಪ್ರಸಾದ್.
ನನಗೂ ಅನ್ನಿಸಿತ್ತು, ಯಾಕೆ?
ಟೀ ತರಿಸಿದ್ದರು. ಬೈಟು ಅಲ್ಲ, ಎರಡು ಫುಲ್ಲು.

ಹನ್ನೊಂದು ತಿಂಗಳು.
"ಮುಂದಿನ ಸೋಮವಾರ" ಎಂಬ ವಾರ
ನಮ್ಮನೆ ಕ್ಯಾಲೆಂಡರಿನಲ್ಲಿ ಇಲ್ಲ.
ಗೇಟಿನ ಸೆಕ್ಯೂರಿಟಿ ಹುಡುಗ ಈಗ
ನನ್ನ ಪರವಾಗಿ ತಾನೇ ನಾಚಿ
ಬೇರೆ ಕಡೆ ನೋಡುತ್ತಾನೆ.

ಕಂದಾಯ ಭವನದ ಹತ್ತಿರ, ನೋಟರಿಗಳ ಛತ್ರಿ ದಾಟಿ, ಎರಡನೇ ಮಹಡಿ.
ವಕೀಲೆ ನಸ್ರೀನ್ ತಾಜ್ ಕೇಳಿದರು: ಅಗ್ರಿಮೆಂಟು?
ಇಲ್ಲ.
ಆರ್ಡರ್ ಕಾಪಿ? ಬಿಲ್ಲು?
ಬಾಯಲ್ಲಿ ಹೇಳಿದ್ದೆ.
ಅವರು ನಗಲಿಲ್ಲ, ಅದಕ್ಕೇ ನಂಬಿದೆ.
"ಬಾಯಿಮಾತೂ ಒಪ್ಪಂದವೇ ಮಾಸ್ಟರ್.
ಆದರೆ ಕೋರ್ಟಿಗೆ ಕಿವಿ ಕಮ್ಮಿ, ಕಣ್ಣು ಜಾಸ್ತಿ.
ಕಾಣುವಂಥದ್ದು ತನ್ನಿ."

ಹುಡುಕಿದೆ.
ಫೋನಿನಲ್ಲಿ ಅವರ ಹೆಬ್ಬೆರಳು, ಹಳದಿ, ಹದಿನಾಲ್ಕು ಸಲ.
ನಮ್ಮಜ್ಜ ಕಾಟನ್‌ಪೇಟೆಯಲ್ಲಿ ಒಂದೇ ಸಲ ಹೆಬ್ಬೆಟ್ಟು ಒತ್ತಿದ,
ಮನೆ ಹೋಯಿತು.
ಇವರು ಹದಿನಾಲ್ಕು ಸಲ ಒತ್ತಿ ಏನೂ ಕಳಕೊಂಡಿಲ್ಲ.
ಒಂದು ವಾಯ್ಸ್ ನೋಟು: "ಕಾಲರ್ ಸೂಪರ್. ದುಡ್ಡು ಶುಕ್ರವಾರ."
ಹಿಂದೆ ಮಿಷನ್ನುಗಳ ಸದ್ದು, ಯಾರೋ ಕೆಮ್ಮಿದ್ದು.
ಹಾಕಿ ಹಾಕಿ ಕೇಳಿದೆ.
"ಹಾಗೆ ಕೇಳ್ತಾ ಕೂತರೆ ಅದರಿಂದ ದುಡ್ಡು ಉದುರುತ್ತಾ?" ಎಂದಳು ಹೊನ್ನಮ್ಮ.

ಆಮೇಲೆ ಒಂದು ಸಂಜೆ, ಮೆಟ್ರೋದಲ್ಲಿ, ಚಿಕ್ಕಪೇಟೆ ದಾಟಿದ ಮೇಲೆ
ಎದುರಿಗೇ ನಿಂತಿತ್ತು ನನ್ನ ಅಂಗಿ.
ತಿಳಿ ಹಸಿರು. ಒಳಗೆ ಯಾರೋ ಹುಡುಗ.
ನಾನು ಎಡಚ.
ಎಡ ಭುಜದ ಗೆರೆ ಅರ್ಧ ನೂಲು ಮುಂದೆ ಬರುತ್ತದೆ,
ಹಳೆ ಚಾಳಿ, ಗುರುಗಳು ಬೈದು ಬೈದು ಸೋತಿದ್ದರು.
ಅದೇ ಅರ್ಧ ನೂಲು, ಅಲ್ಲಿ,
ಕಂಬಿ ಹಿಡಿದ ತೋಳಿನ ಬುಡದಲ್ಲಿ.
"ಎಲ್ಲಿ ತಗೊಂಡೆಯಪ್ಪಾ?"
ಇಯರ್‌ಫೋನು ತೆಗೆದು ಅಂಗಡಿ ಹೇಳಿದ, ಬೆಲೆ ಹೇಳಿದ.
ಪಾಪ, ಅವನು ಪೂರ್ತಿ ಕೊಟ್ಟಿದ್ದ.

ನಾನೂ ಕೊಟ್ಟೆ. ಸಾವಿರದ ಮುನ್ನೂರು,
ನನ್ನ ಅಂಗಿಗೆ ನನ್ನದೇ ದುಡ್ಡು, ಸಾಕ್ಷಿಗೆ ಬೇಕಲ್ಲ.
ಮನೆಯಲ್ಲಿ ಉಳಿದಿದ್ದ ಹಾಳೆಯ ಮೇಲೆ ಬಿಚ್ಚಿ ಹಾಸಿದರೆ
ಗೆರೆಗೆ ಗೆರೆ ಕೂತಿತು.
ನಸ್ರೀನ್ ಮೇಡಂ ಫೋಟೋ ಲಗತ್ತಿಸಿ
ನೋಟಿಸು ಕಳಿಸಿದರು, ರಿಜಿಸ್ಟರ್ ಪೋಸ್ಟು.

ಹದಿಮೂರನೇ ದಿನ ಕರೆ ಬಂತು.
ಟೀ ಇಲ್ಲ. ಅರವತ್ತು ಸಾವಿರ, ಮೂರು ಚೆಕ್ಕು.
ಮಿಕ್ಕದ್ದು ನಮ್ಮ ನಿಮ್ಮ ನಡುವೆ.
ಪೆನ್ನಿನ ಮುಚ್ಚಳ ತೆಗೆದು ನನ್ನತ್ತ ಚಾಚಿ
"ರಸೀದಿ ಬರೆದುಕೊಡಿ ಮಾಸ್ಟರ್,
ಎಲ್ಲ ಬರವಣಿಗೆಯಲ್ಲಿರಲಿ" ಎಂದರು ಹರಿಪ್ರಸಾದ್.

ಬರೆದೆ, ಎಡಗೈಯಲ್ಲಿ.
ಬಂದದ್ದು ಬರೆದೆ. ಬಾಕಿ ಇಪ್ಪತ್ತಾರು ಸಾವಿರದ ಐನೂರು,
ಅಂಕಿಯಲ್ಲೂ ಅಕ್ಷರದಲ್ಲೂ ಬರೆದೆ.
ಕೆಳಗೆ ಅವರ ಸಹಿಗೂ ಒಂದು ಗೆರೆ ಎಳೆದೆ.
ಓದಿದರು. ಮತ್ತೆ ಓದಿದರು.
ಹೆಬ್ಬೆರಳು ಮೇಲೇಳಲಿಲ್ಲ.
ಗಾಜಿನಾಚೆ ಮಿಷನ್ನುಗಳು ಓಡುತ್ತಲೇ ಇದ್ದವು
ನನ್ನ ಭುಜಗಳನ್ನು ಹೊಲಿಯುತ್ತ.