ತೆಗೆದಿಟ್ಟ ಗಾಜು

ಜೂನ್ ತಿಂಗಳು. ಕರೂ ಬಯಲಲ್ಲಿ
ಬಕೆಟ್ಟಿನ ನೀರು ಒಂಬತ್ತು ಗಂಟೆಗೇ ಕಲ್ಲಾಗಿದೆ.
ಅಕ್ಕ ಕಟ್ರೀನಾ, ಫ್ರೇಸರ್‌ಬರ್ಗಿನಲ್ಲಿ
ಗುರುತಿನ ಚೀಟಿಗೆ, ಶಾಲೆಯ ಗೋಡೆಗೆ, ಗೆದ್ದ ಟಗರಿಗೆ
ಫೋಟೋ ತೆಗೆಯುವವಳು,
ನನ್ನ ಹಳೇ ಕೋಟು ತೊಟ್ಟು, ಅದೇ ಕ್ಯಾಮೆರಾವನ್ನು
ಟೆಲಿಸ್ಕೋಪಿನ ಬೆನ್ನಿಗೆ ಕಟ್ಟುತ್ತಾಳೆ
ಕೂಸು ಕಟ್ಟಿಕೊಂಡ ಹಾಗೆ.
"ಲೈಟು ಆರಿಸೋ, ಡೀರ್ಕಿ."
ಸಿಗರೇಟೂ ಲೈಟೇ ಅವಳ ಲೆಕ್ಕದಲ್ಲಿ.

ಹೋದ ತಿಂಗಳು ಅಡುಗೆಮನೆ ಮೇಜಿನ ಮೇಲೆ
ಕನ್ನಡಕದ ಸ್ಕ್ರೂಡ್ರೈವರ್ ಹಿಡಿದು ಅದರ ಹೊಟ್ಟೆ ಬಗೆದಳು.
ಕಳಚಿದ ತಿರುಪುಗಳನ್ನು ಸಾಲಾಗಿ
ಮೊಟ್ಟೆಯ ತಟ್ಟೆಯ ಗುಳಿಗಳಲ್ಲಿ ಇಡುವುದು ನನ್ನ ಪಾಲಿನ ಕೆಲಸ.
ಒಳಗಿತ್ತು ಒಂದು ಗಾಜು, ಉಗುರಿನಷ್ಟು ತೆಳು,
ತಿಳಿ ನೀಲಿ.
"ಇದೇ ಕಳ್ಳ," ಅಂದಳು.
ಮನುಷ್ಯರ ಮೈಬಣ್ಣ ಸರಿಯಾಗಿ ಬರಲೆಂದು
ಕಾರ್ಖಾನೆಯವರು ಕೂರಿಸಿದ್ದಂತೆ.
ನೀಹಾರಿಕೆಯ ಕೆಂಪನ್ನೆಲ್ಲ ಬಾಗಿಲಲ್ಲೇ ತಡೆದು
ಹಿಂದಕ್ಕೆ ಕಳಿಸುತ್ತಂತೆ.

ಮೈಬಣ್ಣ ಸರಿಯಾಗಿ!
ಅಜ್ಜನ ಚೀಟಿಯಲ್ಲಿ ಸರಕಾರ ಅದನ್ನು
ಅಕ್ಷರದಲ್ಲೇ ಬರೆದಿತ್ತು.
ಗಾಜೂ ಬೇಕಿರಲಿಲ್ಲ, ಮುಖವೂ ಬೇಕಿರಲಿಲ್ಲ.

ಗಾಜು ತೆಗೆದ ಮೇಲೆ ಹಗಲಿನ ಕೆಲಸ ಕೆಟ್ಟಿತು.
ಮೂರನೇ ತರಗತಿಯ ಮಕ್ಕಳು ಒಲೆಯ ಮುಂದೆ ಕೂತವರಂತೆ ಬಂದರು,
ಟಗರು ಗುಲಾಬಿ.
ಪಿಂಚಣಿ ಕಚೇರಿ ಸಾನ್ನಾ ಕ್ಲಾಸ್ತೆಯ ಫೋಟೋ ವಾಪಸು ಕಳಿಸಿತು.
ಸಾನ್ನಾಗೆ ಎಂಬತ್ತೊಂದು. ಫೋಟೋವನ್ನು ಕಿಟಕಿಗೆ ಹಿಡಿದು
ಬಹಳ ಹೊತ್ತು ನೋಡಿದಳು.
"ಇದನ್ನು ನಾನೇ ಇಟ್ಟುಕೊಳ್ಳುತ್ತೇನೆ," ಅಂದಳು,
"ಕಚೇರಿಗೆ ಬೇರೆ ತೆಗಿ."
ಹಣ ಕೊಡಲಿಲ್ಲ ಅನ್ನುವುದು ಬೇರೆ ಮಾತು.

ಈಗ ನೆತ್ತಿಯ ಮೇಲೆ ವೃಶ್ಚಿಕದ ಕೊಂಡಿ,
ಅದರ ಪಕ್ಕದಲ್ಲಿ ಅವಳಿಗೆ ಬೇಕಾದ್ದು.
ಲಗೂನ್ ಅಂತೆ ಅದರ ಹೆಸರು.
ಗಾಳಿಯಂತ್ರ ಇಡೀ ದಿನ ಕಿರುಗುಟ್ಟಿದರೂ
ತೊಟ್ಟಿ ತುಂಬದ ಊರಿಗೆ
ಆಕಾಶದಲ್ಲಿ ಒಂದು ಹಿನ್ನೀರು.
ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ಹೊರಟ ಬೆಳಕು,
ಅಕ್ಕ ಅದಕ್ಕೆ ಎರಡು ನಿಮಿಷ ಬಾಗಿಲು ತೆರೆದು
ಮುಚ್ಚುತ್ತಾಳೆ.
ಮತ್ತೆ ಎರಡು ನಿಮಿಷ.
ತೊಂಬತ್ತು ಸಲ.

ಮೊದಲನೆಯದರಲ್ಲಿ ಏನಿದೆ?
ಜಿಡ್ಡುಗೈಯ ಗುರುತಿನಂಥ ಮಸುಕು.
ನಾನು ನಕ್ಕೆ. ಕುರಿಯ ಮೊದಲ ಕತ್ತರಿಯಲ್ಲೂ
ಉಣ್ಣೆ ಕಾಣುವುದಿಲ್ಲ, ಕೊಳೆಯೇ ಕಾಣುವುದು, ಅಂದಳು.
ಇಪ್ಪತ್ತು ವರ್ಷ ಕುರಿ ಕತ್ತರಿಸಿದ ನನಗೇ!
ಸುಮ್ಮನೆ ಹೇರ್ ಡ್ರೈಯರ್ ಹಿಡಿದು ನಿಂತೆ,
ಗಾಜಿನ ಮೇಲೆ ಇಬ್ಬನಿ ಕೂರದ ಹಾಗೆ
ಬಿಸಿ ಊದುತ್ತಾ.
ನಲವತ್ತೊಂದನೆಯದನ್ನು ಪೊಲೀಸ್ ವ್ಯಾನು ತಿಂದಿತು,
ಅರವತ್ತನೆಯದನ್ನು ನನ್ನ ಸೀನು.

ಎಲ್ಲ ಮುಗಿಯಿತು ಅಂದುಕೊಂಡರೆ
ಟೆಲಿಸ್ಕೋಪಿನ ಬಾಯಿಗೆ ಮುಚ್ಚಳ ಹಾಕಿ
ಕತ್ತಲನ್ನೇ ತೆಗೆಯತೊಡಗಿದಳು, ಎರಡೆರಡು ನಿಮಿಷ.
"ಏನೂ ಇಲ್ಲದಾಗಲೂ ಕ್ಯಾಮೆರಾ ಏನೋ ಕಾಣುತ್ತೆ, ಡೀರ್ಕಿ.
ಅದರ ಸ್ವಂತ ಭ್ರಮೆ ಅದು.
ಅದನ್ನು ಮೊದಲು ತಿಳಿದು, ಆಮೇಲೆ ಕಳೆಯಬೇಕು."
ಸೀನದೆ ನಿಂತೆ, ಕತ್ತಲಿಗೂ.

ಬೆಳಗಿನ ಜಾವ ಲ್ಯಾಪ್‌ಟಾಪಿನಲ್ಲಿ
ಎಂಬತ್ತೆಂಟು ಮಸುಕುಗಳು ಒಂದರ ಮೇಲೊಂದು ಕೂತವು.
ಹೇಗೆ ಹೇಳಲಿ,
ಹೆರಿಗೆಯಾದ ಕೊಟ್ಟಿಗೆಯ ಹುಲ್ಲಿನ ಕೆಂಪು,
ನಡುವೆ ಒಂದು ಕಪ್ಪು ಕಾಲುವೆ.
ಅಕ್ಕ ಒಂದು ಮಾತೂ ಆಡಲಿಲ್ಲ.
ಮೂಗು ಒರೆಸಿಕೊಂಡು, ಶಾಲೆಗೆ ಎಂಟಕ್ಕೆ ಹೋಗಬೇಕು ಅಂದಳು,
ಆ ಗಾಜು ಎಲ್ಲಿ, ಮುಂದೆ ಹಿಡಿದಾದರೂ
ಮಕ್ಕಳ ಫೋಟೋ ತೆಗೆಯುತ್ತೇನೆ.
ಗೊತ್ತಿಲ್ಲ ಅಂದೆ.

ನನ್ನ ಜೇಬಿನಲ್ಲಿದೆ, ಬೆಂಕಿಪೆಟ್ಟಿಗೆಯೊಳಗೆ.
ಅವಳು ಹೋದ ಮೇಲೆ ಒಲೆಯ ಮುಂದೆ ಕೂತು
ಒಂದು ಕಣ್ಣು ಮುಚ್ಚಿ, ಇನ್ನೊಂದಕ್ಕೆ ಅದನ್ನು ಹಿಡಿದೆ.
ಕೆಂಡ ಆರಿದ ಹಾಗೆ ಕಂಡಿತು.
ತೆಗೆದೆ,
ಉರಿಯುತ್ತಲೇ ಇತ್ತು.